ನಾಚಿಕೊಂಡ ಕಂಪಾಸು

ಕೆಲಸಕ್ಕೆ ಹೊರಡುವ ದಿನ ನಾನು ಮೈಮೇಲಿನ ಕಬ್ಬಿಣವನ್ನೆಲ್ಲ ಮನೆಯಲ್ಲೇ ಕಳಚಿಟ್ಟು ಹೋಗುತ್ತಿದ್ದೆ. ಬೆಲ್ಟು ಬೇಡ, ಅದರ ಬಕಲ್ ಉಕ್ಕಿನದು. ಕೈಗಡಿಯಾರ ಬೇಡ, ಬೀಗದ ಕೈ ಗೊಂಚಲು ಬೇಡ. ಬಂದರಿನವರೆಲ್ಲ ಹಾಕುವ, ಬೆರಳಿನ ಕಡೆ ಉಕ್ಕಿನ ತಗಡಿರುವ ಬೂಟನ್ನು ಹಡಗಿನ ಏಣಿಯವರೆಗೆ ಹಾಕಿಕೊಂಡು ಹೋಗಿ, ಮೇಲೆ ಹತ್ತಿದ ಮೇಲೆ ರಬ್ಬರ್ ಚಪ್ಪಲಿ ಮೆಟ್ಟುತ್ತಿದ್ದೆ. ಕನ್ನಡಕದ ಚೌಕಟ್ಟು ಪ್ಲಾಸ್ಟಿಕ್ಕಿನದು. ಪ್ಯಾಂಟು ಜಾರದಂತೆ ನನ್ನ ಹೆಂಡತಿ ವಸಂತಿ ಬಟ್ಟೆಯ ಲಾಡಿ ಹೊಲಿದು ಕೊಟ್ಟಿದ್ದಳು. ಅವಳು ಮಣಿಪಾಲದಲ್ಲಿ ಓದಿ, ಮಲೇಷ್ಯಾಕ್ಕೆ ಬಂದು ಪೆಟಾಲಿಂಗ್ ಜಯಾದ ಹತ್ತಿರದ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು. "ಹಡಗಿಗೆ ಹೊರಟದ್ದಾ, ಮಲಗ್ಲಿಕ್ಕೆ ಹೊರಟದ್ದಾ ಮಾರಾಯ್ರೆ? ನೋಡಿದವರು ಎಂತ ಹೇಳಿಯಾರು?" ಎಂದು ಬಾಗಿಲಲ್ಲಿ ನಿಂತು ನಗುತ್ತಿದ್ದಳು. ನಾನು ಲಾಡಿಯನ್ನು ಇನ್ನೊಂದು ಸಲ ಬಿಗಿದು ಕ್ಲಾಂಗ್ ಬಂದರಿನ ಬಸ್ಸು ಹಿಡಿಯುತ್ತಿದ್ದೆ.

ನನ್ನದು ಹಡಗಿನ ಕಂಪಾಸು ಸರಿಮಾಡುವ ಕೆಲಸ. ಮಲ್ಪೆಯಲ್ಲಿ ಹುಟ್ಟಿ, ಪ್ರಾಯದಲ್ಲಿ ಹಡಗುಗಳಲ್ಲಿ ಸುತ್ತಿ, ಆಮೇಲೆ ನೆಲಕ್ಕಿಳಿದು ಕ್ಲಾಂಗಿನಲ್ಲಿ ಈ ವಿದ್ಯೆ ಕಲಿತೆ. ಬ್ರಿಕ್‌ಫೀಲ್ಡ್ಸಿನಲ್ಲಿ ನಮ್ಮ ಕನ್ನಡದವರು ಸೇರಿದಾಗ ಬಂದರಿನ ಕೆಲಸಕ್ಕೆ ಹೊಸದಾಗಿ ಬಂದ ಹುಡುಗ ಹುಡುಗಿಯರು ಕೇಳುತ್ತಾರೆ: "ಅಂಕಲ್, ಈಗ ಸ್ಯಾಟಲೈಟು ಇದೆಯಲ್ಲ, ಕಂಪಾಸ್ ಯಾರಿಗೆ ಬೇಕು?" ಕರೆಂಟು ಹೋದಾಗ ಬೇಕು ಎನ್ನುತ್ತೇನೆ. ಅವರು ಪಾಪ, ದೊಡ್ಡವರು ಹೇಳಿದ್ದಕ್ಕೆ ತಲೆಯಾಡಿಸಿ ದೋಸೆಯ ತಟ್ಟೆಯ ಕಡೆಗೆ ಹೋಗುತ್ತಾರೆ. ಅವರು ತಿಂದು ಮುಗಿಸುವವರೆಗೆ ಕಾಯುವ ತಾಳ್ಮೆ ನನಗಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಹಡಗೆಂದರೆ ತೇಲುವ ಕಬ್ಬಿಣ. ಅದರ ನಡುವೆ ಒಂದು ಬಡಪಾಯಿ ಅಯಸ್ಕಾಂತದ ಮುಳ್ಳನ್ನು ಇಟ್ಟು, ಉತ್ತರ ತೋರಿಸು ಎನ್ನುತ್ತೇವೆ. ಅದು ತೋರಿಸುವುದು ಅರ್ಧ ಭೂಮಿಯ ಉತ್ತರವನ್ನು, ಅರ್ಧ ಹಡಗಿನ ಕಬ್ಬಿಣವನ್ನು. ಆ ಕಬ್ಬಿಣದ ಸೆಳೆತವನ್ನು ಕಂಪಾಸಿನ ಸುತ್ತ ಸಣ್ಣ ಸಣ್ಣ ಅಯಸ್ಕಾಂತಗಳನ್ನೂ ಕಬ್ಬಿಣದ ಗುಂಡುಗಳನ್ನೂ ಇಟ್ಟು ತೂಗಿಸಿ ಇಲ್ಲವಾಗಿಸುವುದೇ ನಮ್ಮ ಕೆಲಸ. ಅದಕ್ಕಾಗಿ ಹಡಗನ್ನು ಬಂದರಿನ ಹೊರಗೆ ಒಯ್ದು ನಿಧಾನವಾಗಿ ಒಂದು ಸುತ್ತು ತಿರುಗಿಸಬೇಕು. ಉತ್ತರಕ್ಕೆ ಮುಖ ಮಾಡಿದಾಗ ಎಷ್ಟು ತಪ್ಪು, ಪೂರ್ವಕ್ಕೆ ಮಾಡಿದಾಗ ಎಷ್ಟು, ಹೀಗೆ ನೋಡುತ್ತ ಹೋಗಬೇಕು. ಹಡಗು ಎಲ್ಲಿಗೂ ಹೋಗುವುದಿಲ್ಲ, ಸುಮ್ಮನೆ ತಿರುಗುತ್ತದೆ. ದಡದ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಹಸಿರು ಗೆರೆ ಎದುರಿಗೆ ಬರುತ್ತದೆ, ಸರಿಯುತ್ತದೆ. ಬಂದರಿನ ಕ್ರೇನುಗಳು ಬರುತ್ತವೆ, ಸರಿಯುತ್ತವೆ. ಆಮೇಲೆ ಬರಿಯ ನೀರು, ನೀರಿನ ಮೇಲೆ ಬಿಸಿಲು. ಎಷ್ಟೋ ಸಲ ನನಗೆ ಹಡಗು ನಿಂತಿದೆ, ಮಲೇಷ್ಯಾವೇ ನನ್ನ ಸುತ್ತ ಮೆಲ್ಲಗೆ ತಿರುಗುತ್ತಿದೆ ಅನ್ನಿಸುತ್ತಿತ್ತು. ನನ್ನ ಕೆಲಸದಲ್ಲಿ ನನಗೆ ಬಹಳ ಇಷ್ಟವಾದದ್ದು ಅದೇ.

ಈ ವಿದ್ಯೆ ನನಗೆ ಕಲಿಸಿದವರು ಲಿಮ್ ಎಂಬ ಹಿರಿಯರು. ಕ್ಲಾಂಗಿನ ಚೀನೀಯರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಪುಸ್ತಕ ತೆರೆಯಲು ಬಿಡಲಿಲ್ಲ. ಮೊದಲ ಪಾಠ ನಡೆದದ್ದು ತಮಿಳು ಮುಸ್ಲಿಮರು ನಡೆಸುವ ಒಂದು ಮಾಮಕ್ ಅಂಗಡಿಯಲ್ಲಿ, ಚಹಾ ಕುಡಿಯುತ್ತ. ಜೇಬಿನಿಂದ ಅಯಸ್ಕಾಂತ ತೆಗೆದು ಮೇಜಿನ ಮೇಲಿದ್ದ ಚಮಚಗಳ ಡಬ್ಬ ಸುರಿದರು. ಎಲ್ಲ ಒಂದೇ ರೀತಿ ಹೊಳೆಯುವ ಸ್ಟೀಲು. ಕೆಲವು ಟಕ್ಕೆಂದು ಅಂಟಿದವು, ಕೆಲವು ಕದಲಲಿಲ್ಲ. ಅಂಟದ ಒಂದನ್ನು ಎತ್ತಿ ಬಗ್ಗಿಸಿ, ನೆಟ್ಟಗೆ ಮಾಡಿ, ಮತ್ತೆ ಬಗ್ಗಿಸಿದರು. ಆಮೇಲೆ ಅಯಸ್ಕಾಂತ ಹಿಡಿದರೆ, ಬಗ್ಗಿದ ಜಾಗದಲ್ಲಿ ಮಾತ್ರ ಚಮಚ ಸ್ವಲ್ಪವೇ ಸ್ವಲ್ಪ ಅದರ ಕಡೆಗೆ ಎಳೆದುಕೊಂಡಿತು. "ನೋಡಿದೆಯಾ? ಪೆಟ್ಟು ತಿಂದದ್ದು ಅದಕ್ಕೆ ನೆನಪಿರ್ತದೆ ಲಾ" ಎಂದರು, ಮಾತಿನ ಕೊನೆಗೆ ಅಲ್ಲಿಯವರೆಲ್ಲ ಅಂಟಿಸುವ ಆ ಲಾ ಸೇರಿಸಿ. ಅಂಗಡಿಯವನು ಚಮಚದ ಗತಿ ನೋಡಿ ಬೈಯಲು ಬಂದ. ಲಿಮ್ ಅವನಿಗೇ ತಿರುಗಿ ಬೈದರು, ಚಹಾದಲ್ಲಿ ಸಕ್ಕರೆ ಜಾಸ್ತಿ ಎಂದು.

ಇನ್ನೊಂದು ದಿನ ತಮ್ಮ ಮನೆಯ ಹಿತ್ತಿಲಲ್ಲಿ ಒಂದು ಕಬ್ಬಿಣದ ಸರಳನ್ನು ಉತ್ತರ ದಕ್ಷಿಣಕ್ಕೆ ಮಲಗಿಸಿ ಸುತ್ತಿಗೆಯಿಂದ ಬಡಿಯಲು ಹೇಳಿದರು. ಬಡಿದೆ. ಸರಳಿನ ತುದಿಗೆ ಕಂಪಾಸು ಹಿಡಿದರೆ ಮುಳ್ಳು ಹೆದರಿದಂತೆ ಆಚೆ ತಿರುಗಿತು. ಸರಳು ತಾನೇ ಅಯಸ್ಕಾಂತವಾಗಿತ್ತು. ಅದನ್ನೇ ಪೂರ್ವ ಪಶ್ಚಿಮಕ್ಕೆ ಮಲಗಿಸಿ ಮತ್ತೆ ಬಡಿಸಿದರು. ಆ ಶಕ್ತಿ ಹೆಚ್ಚುಕಡಿಮೆ ಹೊರಟೇ ಹೋಯಿತು. ಹಡಗು ಕಟ್ಟುವಾಗಲೂ ಹೀಗೆಯೇ ಎಂದರು. ತಿಂಗಳುಗಟ್ಟಲೆ ಒಂದೇ ದಿಕ್ಕಿಗೆ ಮುಖ ಮಾಡಿ ಮಲಗಿದ ಹಡಗನ್ನು ಬಡಿದು, ಬೆಸೆದು ಕಟ್ಟುತ್ತಾರೆ. ಹುಟ್ಟುವಾಗ ಮಲಗಿದ್ದ ದಿಕ್ಕು ಅದರ ಮೈಯಲ್ಲಿ ಉಳಿಯುತ್ತದೆ. ಆಮೇಲೆ ಯಾವ ಹಡಗು ಕಂಡರೂ ನನಗೆ, ಇದು ಎಲ್ಲಿ ಹುಟ್ಟಿತೋ, ಹುಟ್ಟಿದಾಗ ಯಾವ ಕಡೆ ನೋಡುತ್ತಿತ್ತೋ ಎಂಬ ಯೋಚನೆ ಬರುತ್ತಿತ್ತು.

ಲಿಮ್ ಹೇಳಿದ ಇನ್ನೊಂದು ಸಂಗತಿ ನನ್ನನ್ನು ವರ್ಷಗಟ್ಟಲೆ ಕಾಡಿತು. ನಮ್ಮ ಮಲ್ಪೆಯಲ್ಲಿ ಮುಳ್ಳನ್ನು ದಾರದಲ್ಲಿ ತೂಗುಬಿಟ್ಟರೆ ಅದರ ಉತ್ತರದ ಮೂತಿ ಸ್ವಲ್ಪ ಕೆಳಗೆ ಬಾಗುತ್ತದೆ. ಕ್ಲಾಂಗಿನಲ್ಲಿ ದಕ್ಷಿಣದ ಬಾಲ ಬಾಗುತ್ತದೆ. ಅಂದರೆ ಇವೆರಡರ ನಡುವೆ ಸಮುದ್ರದಲ್ಲಿ ಎಲ್ಲೋ ಒಂದು ಕಡೆ ಮುಳ್ಳು ತಲೆಯನ್ನೂ ತಗ್ಗಿಸದೆ ಬಾಲವನ್ನೂ ತಗ್ಗಿಸದೆ ಸಪಾಟಾಗಿ ಮಲಗುವ ಜಾಗ ಇದೆ. ಊರಿಗೆ ವಿಮಾನದಲ್ಲಿ ಹೋಗುವಾಗ ನಾನು ಕಿಟಕಿಯಿಂದ ಕೆಳಗೆ ನೋಡುತ್ತ, ಅದು ಇಲ್ಲಿರಬಹುದು, ಈಗ ದಾಟಿದೆವು ಎಂದುಕೊಳ್ಳುತ್ತಿದ್ದೆ. ವಸಂತಿಗೆ ಹೇಳಿದರೆ, "ಅಲ್ಲಿ ಇಳಿದು ಮಲಗುದಾದ್ರೆ ನೀವೊಬ್ರೇ ಇಳೀರಿ" ಎನ್ನುತ್ತಿದ್ದಳು.

ಕಂಪಾಸನ್ನು ಕೆಡಿಸುವ ವಸ್ತುಗಳು ಒಂದೆರಡಲ್ಲ. ಒಂದು ಟಗ್ ಬೋಟಿನವರು ಕರೆದಿದ್ದರು. ಊಟದ ಹೊತ್ತಿನಲ್ಲಿ ಕಂಪಾಸು ಸರಿಯಿರುತ್ತದೆ, ಉಳಿದ ಹೊತ್ತು ತಪ್ಪು ಎಂದು ಅವರ ದೂರು. ಕೇಳಿ ನನಗೆ ನಗು ಬಂತು. ಹೋಗಿ ನೋಡಿದರೆ ಚುಕ್ಕಾಣಿ ಕೋಣೆಯ ಹಿಂದಿನ ಗೋಡೆಯ ಆಚೆಗೇ ಅಡುಗೆಮನೆ. ಅಡುಗೆಯವ ತನ್ನ ದೊಡ್ಡ ಕಬ್ಬಿಣದ ಬಾಣಲೆಯನ್ನು ತೊಳೆದು ನೇತುಹಾಕುತ್ತಿದ್ದದ್ದು ಆ ಗೋಡೆಗೆ, ಸರಿಯಾಗಿ ಕಂಪಾಸಿನ ಬೆನ್ನಿಗೆ. ಅಡುಗೆ ಮಾಡುವಾಗ ಬಾಣಲೆ ಒಲೆಯ ಮೇಲಿರುತ್ತಿತ್ತು, ಆಗ ಕಂಪಾಸು ಸರಿ. ಬಾಣಲೆಗೆ ಬೇರೆ ಮೊಳೆ ಹೊಡೆಸಿದೆ. ಅಡುಗೆಯವ ಸಿಟ್ಟಿನಿಂದ ನನಗೆ ಬಡಿಸಿದ ಮೀನಿನಲ್ಲಿ ಮುಳ್ಳೇ ಹೆಚ್ಚಿತ್ತು.

ಮತ್ತೊಂದು ಹಡಗಿಗೆ ಗುಜರಿ ಕಬ್ಬಿಣ ತುಂಬಿದ್ದರು. ತುಂಬಿದ್ದು ವಿದ್ಯುತ್ ಅಯಸ್ಕಾಂತದ ಕ್ರೇನಿನಿಂದ. ಅದು ಕಬ್ಬಿಣವನ್ನು ಗೊಂಚಲು ಗೊಂಚಲಾಗಿ ಎತ್ತಿ ಒಳಗೆ ಹಾಕುವಾಗ ಹಡಗಿನ ಮೈಯೂ ಅಯಸ್ಕಾಂತದ ಗುಣ ಕುಡಿದುಬಿಡುತ್ತದೆ. ನಾಲ್ಕು ದಿನ ಬಿಟ್ಟು ಸರಿಮಾಡೋಣ, ಅಷ್ಟರಲ್ಲಿ ಅಮಲು ಇಳಿಯುತ್ತದೆ ಎಂದರು ಲಿಮ್. ಹಡಗಿನ ಏಜೆಂಟ್ ಕೇಳಲಿಲ್ಲ, ಇವತ್ತೇ ಆಗಬೇಕು ಎಂದ. ಸರಿಮಾಡಿ ಕೊಟ್ಟೆವು. ಅಮಲು ನಡುನೀರಿನಲ್ಲಿ ಇಳಿಯಿತು, ಕಂಪಾಸು ಮತ್ತೆ ತಪ್ಪಿತು. ಕ್ಯಾಪ್ಟನ್ ಫೋನಿನಲ್ಲಿ ಬೈದ ಬೈಗುಳ ಯಾವ ಭಾಷೆಯದೆಂದು ನನಗೆ ಇವತ್ತಿಗೂ ತಿಳಿಯದು, ಅರ್ಥ ಮಾತ್ರ ಪೂರ್ತಿ ಆಯಿತು.

ಲಿಮ್ ಹೋದ ಮೇಲೆ ಕಾಲ ಬದಲಾಯಿತು. ಅವರು ಸೂರ್ಯನ ನೆರಳು ನೋಡಿ ಮನಸ್ಸಿನಲ್ಲೇ ಹಾಕುತ್ತಿದ್ದ ಲೆಕ್ಕವನ್ನು ಈಗ ಲ್ಯಾಪ್‌ಟಾಪು ಮಾಡುತ್ತದೆ. ಹಿಂದೆ ಕಬ್ಬಿಣ ದೊಡ್ಡದಿರುತ್ತಿತ್ತು, ಕಣ್ಣಿಗೆ ಕಾಣುತ್ತಿತ್ತು. ಈಗ ಅಯಸ್ಕಾಂತಗಳು ಹುಣಿಸೆ ಬೀಜದಷ್ಟು ಸಣ್ಣವಾಗಿವೆ, ಶಕ್ತಿ ಮಾತ್ರ ರಾಕ್ಷಸನದು. ಫೋನಿನ ಚೀಲದಲ್ಲಿ, ಕಿವಿಗಿಡುವ ಸ್ಪೀಕರಿನಲ್ಲಿ, ಹೆಂಗಸರ ಪರ್ಸಿನ ಮುಚ್ಚಳದಲ್ಲಿ, ಕಾರಿನಲ್ಲಿ ಕೂರಿಸುವ ಪುಟ್ಟ ಗಣಪತಿಯ ಪೀಠದಲ್ಲಿ, ಎಲ್ಲ ಕಡೆ ಅಡಗಿ ಕುಳಿತಿವೆ. ಜನ ಅವನ್ನು ಹೊತ್ತುಕೊಂಡೇ ತಿರುಗುತ್ತಾರೆ, ತಿಳಿಯುವುದೇ ಇಲ್ಲ.

ಈಗ ನೂರುಲ್‌ಳ ಸಂಗತಿ ಹೇಳಬೇಕು. ಅದು ನನ್ನ ಕೆಲಸದ ಕೊನೆಯ ವರ್ಷ.

ಕ್ಲಾಂಗಿನಿಂದ ಪೆನಾಂಗಿಗೆ ಸಿಮೆಂಟು ಒಯ್ಯುವ ಒಂದು ಸಣ್ಣ ಹಡಗು ಇತ್ತು. ಅದರ ಕ್ಯಾಪ್ಟನ್ ಸೆಲ್ವಂ, ಕ್ಲಾಂಗಿನಲ್ಲೇ ಹುಟ್ಟಿ ಬೆಳೆದ ತಮಿಳರು, ಹಳೆಯ ಪರಿಚಯ. ನನ್ನನ್ನು ಶೇಖರ್ ಅಣ್ಣೆ ಎಂದೇ ಕರೆಯುವುದು. ಕಂಪಾಸು ತಪ್ಪು ತೋರಿಸುತ್ತಿದೆ ಎಂದು ಕರೆಸಿದರು. ಆ ಹಡಗಿನಲ್ಲಿ ಕಂಪಾಸು ಇದ್ದದ್ದು ಚುಕ್ಕಾಣಿ ಕೋಣೆಯ ಮಾಡಿನ ಮೇಲೆ, ಬಯಲಿನಲ್ಲಿ. ಅಲ್ಲಿಂದ ಒಂದು ಕೊಳವೆ ಕೆಳಗೆ ಬಂದಿತ್ತು. ಕೊಳವೆಯೊಳಗಿನ ಕನ್ನಡಿಯಲ್ಲಿ, ಅಂಕಿ ಬರೆದ ಕಂಪಾಸಿನ ಬಿಲ್ಲೆ ಚುಕ್ಕಾಣಿ ಹಿಡಿದವನಿಗೆ ಕಾಣುತ್ತಿತ್ತು. ಹಡಗನ್ನು ಸುತ್ತು ತಿರುಗಿಸಿ ನೋಡಿದೆ. ಏನೂ ದೋಷವಿಲ್ಲ. ಮುಂದಿನ ಪ್ರಯಾಣ ಮುಗಿಸಿ ಬಂದು ಮತ್ತೆ ಕರೆಸಿದರು. ಮತ್ತೆ ನೋಡಿದೆ. ಮತ್ತೆ ದೋಷವಿಲ್ಲ.

ಸೆಲ್ವಂ ನನ್ನನ್ನು ಪಕ್ಕಕ್ಕೆ ಕರೆದರು. "ಅಣ್ಣೆ, ನೀವು ಮೇಲೆ ಹೋದ್ರೆ ಕಂಪಾಸ್ ಸರಿ ಇದೆ. ನಾನು ಹೋದ್ರೂ ಸರಿ ಇದೆ. ನೂರುಲ್ ಮೇಲೆ ಹೋದ್ರೆ ಮಾತ್ರ ಕೆಡ್ತದೆ. ಹೇಗೆ ಹೇಳೋದು, ನನಗೇ ನಾಚಿಕೆ ಆಗ್ತದೆ."

ನೂರುಲ್ ಆ ಹಡಗಿನ ಕಿರಿಯ ಆಫೀಸರು. ಉತ್ತರದ ಕೆಡಾ ರಾಜ್ಯದ ಹಳ್ಳಿಯೊಂದರಿಂದ ಬಂದ ಮಲಯ್ ಹುಡುಗಿ. ತಲೆಗೆ ನೀಟಾಗಿ ಸುತ್ತಿದ ಕಪ್ಪು ತುಡುಂಗ್, ಮೈಗೆ ಎಣ್ಣೆಕಲೆಯ ಕೆಲಸದ ಅಂಗಿ. ದೂರದ ದೀಪಸ್ತಂಭವನ್ನೋ ಗುಡ್ಡದ ತುದಿಯನ್ನೋ ಕಂಪಾಸಿನ ಮೇಲಿಟ್ಟ ಹಿತ್ತಾಳೆ ಬಳೆಯಿಂದ ಗುರಿಯಿಟ್ಟು, ಅದು ಯಾವ ದಿಕ್ಕಿಗಿದೆ ಎಂದು ನೋಡಿ ಬಂದು ಹೇಳುವುದು ಅವಳ ಕೆಲಸ. ಅದಕ್ಕೆ ಬೇರಿಂಗ್ ತೆಗೆಯುವುದು ಎನ್ನುತ್ತೇವೆ. ಅವಳು ತೆಗೆದ ಬೇರಿಂಗ್ ಒಂದೂ ಸರಿ ಬರುತ್ತಿರಲಿಲ್ಲ. ಅದನ್ನೇ ನಂಬಿ ಒಮ್ಮೆ ಹಡಗು ತಿರುಗಿಸಿ, ಮರಳದಿಬ್ಬದ ಅಂಚಿಗೆ ಹೋಗಿ ಹೇಗೋ ಪಾರಾಗಿದ್ದರು. ಅಂದಿನಿಂದ ಅವಳ ಪಾಳಿಯಲ್ಲೂ ಸೆಲ್ವಂ ಪಕ್ಕದಲ್ಲೇ ನಿಲ್ಲುತ್ತಿದ್ದರು. ಅವಳನ್ನು ಪೆನಾಂಗಿನಲ್ಲಿ ಇಳಿಸಿ ಬೇರೆಯವರನ್ನು ಕಳಿಸಿ ಎಂದು ಆಫೀಸಿಗೆ ಹೇಳಿಯೂ ಆಗಿತ್ತು. ಪಾಳಿ ನಡೆಸಲು ಯೋಗ್ಯಳಲ್ಲ ಎಂದು ಒಬ್ಬ ಕ್ಯಾಪ್ಟನ್ ಇಳಿಸಿದ ಆಫೀಸರನ್ನು ಇನ್ನೊಬ್ಬ ಹತ್ತಿಸಿಕೊಳ್ಳುವುದು ಕಷ್ಟ. ಹುಡುಗಿಯ ಸಮುದ್ರದ ಬದುಕು ಅಲ್ಲಿಗೇ ಮುಗಿಯುವುದರಲ್ಲಿತ್ತು.

ಚುಕ್ಕಾಣಿ ಹಿಡಿಯುವ ಪಾಕ್ ದಿನ್ ಎಂಬ ಮುದುಕ ಇದಕ್ಕೆ ಕಾರಣವನ್ನೂ ಹುಡುಕಿಟ್ಟಿದ್ದ. "ಕಂಪಾಸಿಗೆ ನಾಚಿಕೆ ಲಾ ಅಂಕಲ್. ಹೆಣ್ಣು ಹತ್ತಿರ ಬಂದರೆ ಮುಖ ತಿರುಗಿಸ್ತದೆ. ನನ್ನ ಕಣ್ಣಾರೆ ನೋಡಿದ್ದು." ಅವನು ಕೆಟ್ಟವನಲ್ಲ. ಅವಳಿಗೆ ಕುಡಿಯಲು ಬಿಸಿ ಮಿಲೋ ಮಾಡಿಕೊಡುತ್ತಿದ್ದ, ಮಗಳಂತೆ ನೋಡಿಕೊಳ್ಳುತ್ತಿದ್ದ. ಆದರೆ ಈ ಮಾತು ಇಡೀ ಹಡಗಿಗೆ ಹಬ್ಬಿತ್ತು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಕಂಪಾಸಿನ ಜೊತೆ ಸಂಸಾರ ಮಾಡಿದವನು ನಾನು, ಅದಕ್ಕೆ ನಾಚಿಕೆ ಎಂಬುದೇ ಇಲ್ಲ ಎಂದು ನನಗೆ ಗೊತ್ತು. ಪೆನಾಂಗಿನವರೆಗೆ ನಾನೂ ಬರುತ್ತೇನೆ ಎಂದೆ. ವಸಂತಿಗೆ ಫೋನ್ ಮಾಡಿದೆ. "ಲಾಡಿಯ ಪ್ಯಾಂಟು ಇನ್ನೊಂದು ಉಂಟಾ ನಿಮ್ಮತ್ರ?" ಎಂದು ಕೇಳಿದಳು, ಅಷ್ಟೇ.

ಹೊರಟ ಮರುದಿನ ಬೆಳಿಗ್ಗೆ ಸಮುದ್ರದ ಮೇಲೆ ಹೊಗೆ ಕವಿದಿತ್ತು. ಸುಮಾತ್ರಾದ ಕಡೆ ಕಾಡು ಉರಿದಾಗ ಬರುವ ಹೊಗೆ. ಆಕಾಶ ಯಾವುದು ನೀರು ಯಾವುದು ತಿಳಿಯುತ್ತಿರಲಿಲ್ಲ. ಎರಡೂ ಹಾಲಿನ ಬಣ್ಣ, ನಡುವೆ ತಾಮ್ರದ ತಟ್ಟೆಯಂಥ ಸೂರ್ಯ. ಅಲೆ ಇಲ್ಲ, ಗಾಳಿ ಇಲ್ಲ. ಎಂಜಿನಿನ ಸದ್ದೂ ಯಾರದೋ ಮನೆಯಲ್ಲಿ ಆಗುತ್ತಿದೆ ಅನ್ನಿಸುತ್ತಿತ್ತು. ದೂರದಲ್ಲಿ ಪಾಂಗ್ಕೋರ್ ದ್ವೀಪ ಇತ್ತೋ ಇಲ್ಲವೋ ಎಂಬಷ್ಟು ತೆಳುವಾಗಿ ತೇಲುತ್ತಿತ್ತು. ನಾನು ಪಾಕ್ ದಿನ್‌ನ ಹೆಗಲಿನ ಹಿಂದೆ ನಿಂತು ಕೊಳವೆಯೊಳಗಿನ ಬಿಲ್ಲೆಯನ್ನೇ ನೋಡುತ್ತಿದ್ದೆ. ಅದು ನಿದ್ದೆ ಬಂದಂತೆ ಅಲುಗಾಡದೆ ಕುಳಿತಿತ್ತು.

"ನೂರುಲ್, ಬೇರಿಂಗ್" ಎಂದರು ಸೆಲ್ವಂ.

ಅವಳು ಹೊರಗೆ ಹೋಗಿ ಏಣಿ ಹತ್ತಿದಳು. ಮಾಡಿನ ಮೇಲೆ ಅವಳ ಹೆಜ್ಜೆ ಸದ್ದು ಕೇಳಿತು. ಹೆಜ್ಜೆ ಕಂಪಾಸಿನ ಹತ್ತಿರ ಹೋಗಿ ನಿಂತಿತು. ಬಿಲ್ಲೆ ಅಲುಗಿತು. ಹಡಗು ನೆಟ್ಟಗೆ ಹೋಗುತ್ತಿತ್ತು, ನೀರಿನ ಮೇಲೆ ಒಂದು ಸುಕ್ಕೂ ಇರಲಿಲ್ಲ, ಆದರೂ ಬಿಲ್ಲೆ ಯಾರೋ ಕರೆದಂತೆ ಮೆಲ್ಲಗೆ ತಿರುಗಿ ಒಂದು ಕಡೆಗೆ ವಾಲಿ ನಿಂತಿತು. ಪಾಕ್ ದಿನ್ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ.  ಒಂದು ಕ್ಷಣ, ಒಂದೇ ಕ್ಷಣ, ನನಗೂ ಹೆದರಿಕೆಯಾಯಿತು.

ಅವಳು ಕೆಳಗಿಳಿದದ್ದೇ ಬಿಲ್ಲೆ ಮತ್ತೆ ತನ್ನ ಜಾಗಕ್ಕೆ ಬಂದು ಕುಳಿತಿತು. ಅವಳು ಹೇಳಿದ ಬೇರಿಂಗ್ ತಪ್ಪಾಗಿತ್ತು. ಸೆಲ್ವಂ ಕಿಟಕಿಯ ಹೊರಗೆ ನೋಡಿದರು. ಬೈದಿದ್ದರೆ ಅವಳಿಗೆ ವಾಸಿಯಿತ್ತು.

ನಾನು ಅವಳನ್ನು ಮೇಲಕ್ಕೆ ಕರೆದುಕೊಂಡು ಹೋದೆ. ನಾನು ಕಂಪಾಸಿನ ಪಕ್ಕ ನಿಂತೆ, ಅವಳನ್ನು ಏಣಿಯ ತಲೆಯಲ್ಲೇ ನಿಲ್ಲಿಸಿದೆ. "ಈಗ ನಿಧಾನ ಬಾ" ಎಂದೆ. ಬಂದಳು. ಏನೂ ಆಗಲಿಲ್ಲ. "ಇನ್ನೂ ಹತ್ತಿರ. ಬೇರಿಂಗ್ ತೆಗೆಯುವ ಹಾಗೆ ಬಾಗು." ಬಾಗಿದಳು. ಬಿಲ್ಲೆ ಸರಸರನೆ ತಿರುಗಿತು. ಅವಳೂ ನೋಡಿದಳು. ಇಷ್ಟು ದಿನ ಅವಳು ಬೇರೆಯವರ ಬಾಯಿಂದ ಕೇಳಿದ್ದಳು. ತಾನು ಬಾಗುವಾಗ ಕಣ್ಣು ದೂರದ ಗುಡ್ಡದ ಮೇಲಿರುತ್ತಿದ್ದರಿಂದ ಬಿಲ್ಲೆ ತಿರುಗುವುದನ್ನು ಅವಳು ನೋಡಿರಲೇ ಇಲ್ಲ.

"ಹಾಗಾದ್ರೆ ಅವರು ಹೇಳೋದು ನಿಜಾನಾ ಅಂಕಲ್?" ಎಂದಳು. ಧ್ವನಿ ಬಹಳ ಸಣ್ಣದಾಗಿತ್ತು.

"ಕಂಪಾಸಿಗೆ ಗಂಡು ಹೆಣ್ಣು ಗೊತ್ತಿಲ್ಲ ಮಗಳೇ. ಕಬ್ಬಿಣ ಗೊತ್ತು, ಅಯಸ್ಕಾಂತ ಗೊತ್ತು, ಬೇರೆ ಏನೂ ಗೊತ್ತಿಲ್ಲ. ನಿನ್ನ ಹತ್ತಿರ ಏನೋ ಇದೆ."

"ಏನೂ ಇಲ್ಲ ಅಂಕಲ್!" ಜೇಬುಗಳನ್ನು ಒಳಗಿನದು ಹೊರಗೆ ಮಾಡಿ ತೋರಿಸಿದಳು. ಒಂದು ಕರವಸ್ತ್ರ, ಒಂದು ಶುಂಠಿ ಮಿಠಾಯಿ. ಫೋನು ಕೆಳಗೆ ಬಿಟ್ಟಿದ್ದಳು. ಬೂಟು ರಬ್ಬರಿನದು. "ಬೆಲ್ಟ್ ಹಾಕೋದಿಲ್ಲ. ವಾಚ್ ಇಲ್ಲ. ಪಿನ್ ಕೂಡ ಹಾಕೋದಿಲ್ಲ. ನೀವು ನಮ್ಮ ಕಾಲೇಜಿಗೆ ಬಂದು ಪಾಠ ಮಾಡಿದ್ರಿ ಅಂಕಲ್, ಗೊತ್ತುಂಟಾ? ಒಂದು ಗುಂಡುಪಿನ್ನು ಕೂಡ ಕಂಪಾಸಿನ ಹತ್ತಿರ ತರಬೇಡಿ ಅಂದ್ರಿ. ಆವತ್ತಿನಿಂದ ನಾನು ಪಿನ್ ಮುಟ್ಟಿಲ್ಲ."

ನನಗೆ ನೆನಪಿರಲಿಲ್ಲ. ಅಂಥ ಪಾಠ ಎಷ್ಟು ಮಾಡಿದ್ದೇನೋ. ಎದುರಿಗಿದ್ದ ಸಾಲು ಸಾಲು ಮುಖಗಳಲ್ಲಿ ಒಬ್ಬಳು ಇಷ್ಟು ಗಂಭೀರವಾಗಿ ಕೇಳಿಸಿಕೊಂಡಿದ್ದಳೆಂದು ತಿಳಿದು ಸಂತೋಷವೂ ಆಯಿತು. ಆದರೆ ಪಿನ್ ಎಂದಾಗ ಮೊದಲ ಸಲ ನನ್ನ ಗಮನ ಅವಳ ತುಡುಂಗಿನ ಕಡೆ ಹೋಯಿತು. ಅದು ಗಲ್ಲದ ಕೆಳಗೆ, ಹೆಗಲ ಮೇಲೆ ಅಚ್ಚುಕಟ್ಟಾಗಿ ನಿಂತಿತ್ತು. ಬಾಗಿದರೂ ಜಾರುತ್ತಿರಲಿಲ್ಲ. ಪಿನ್ ಇಲ್ಲದೆ ಅದು ನಿಲ್ಲುವುದು ಹೇಗೆ?

ಕೇಳುವುದು ಹೇಗೆಂದು ತಿಳಿಯಲಿಲ್ಲ. ಗಂಡಸರಿಗಾದರೆ ಬೆಲ್ಟು ಬಿಚ್ಚು, ಜೇಬು ಸುರಿ ಎಂದು ಗದರುತ್ತಿದ್ದೆ. ಮಗಳ ಪ್ರಾಯದ ಮಲಯ್ ಹುಡುಗಿಗೆ ನಿನ್ನ ತುಡುಂಗಿನಲ್ಲಿ ಏನಿದೆ ಎಂದು ಈ ಮುದುಕ ಕೇಳುವುದೇ? ಇಷ್ಟು ವರ್ಷ ಈ ದೇಶದಲ್ಲಿದ್ದು, ಆ ಕಡೆ ಕಣ್ಣು ಹಾಯಿಸಬಾರದು ಎಂಬ ಮರ್ಯಾದೆ ನನ್ನ ಮೈಗೆ ಅಂಟಿಹೋಗಿತ್ತು. ಎರಡು ಸಲ ಈ ಹಡಗಿಗೆ ಬಂದಾಗಲೂ ಅವಳನ್ನು ನಾನು ಕೆಳಗೇ ನಿಲ್ಲಿಸಿದ್ದೆ, ಮೈಮೇಲೆ ಏನಿದೆ ಎಂದು ಕೇಳಿರಲಿಲ್ಲ. ಸೆಲ್ವಂ ಕೇಳಿರಲಿಲ್ಲ. ಹಡಗಿನ ಅಷ್ಟೂ ಗಂಡಸರು ಅವಳ ಮರ್ಯಾದೆ ಕಾಪಾಡುತ್ತ ಕಾಪಾಡುತ್ತ ಅವಳ ಹೊಟ್ಟೆಗೇ ಕಲ್ಲು ಹಾಕುವುದರಲ್ಲಿದ್ದೆವು.

ಹಡಗಿನ ಕಂಪಾಸನ್ನು ಕೆಡಿಸದಿರಲೆಂದು ಏಣಿಯ ತಲೆಯಲ್ಲೇ ಬಿಟ್ಟು ಬಂದಿದ್ದ ನನ್ನ ಪುಟ್ಟ ಕಂಪಾಸನ್ನು ಎತ್ತಿ ಅವಳ ಕೈಗೆ ಕೊಟ್ಟೆ. "ನಿನ್ನ ಕ್ಯಾಬಿನ್ನಿಗೆ ಹೋಗು. ಬಾಗಿಲು ಹಾಕಿಕೋ. ಇದನ್ನು ತಲೆಯಿಂದ ಕಾಲಿನವರೆಗೆ ಮೈಹತ್ತಿರ ನಿಧಾನವಾಗಿ ಆಡಿಸು. ಮುಳ್ಳು ಎಲ್ಲಿ ಹುಚ್ಚು ಕುಣಿಯುತ್ತದೋ ಅಲ್ಲಿ ನೋಡು. ಏನು ಸಿಕ್ಕಿತು ಅಂತ ನನಗೆ ಹೇಳಬೇಕಾಗಿಲ್ಲ."

ಅವಳು ಹೋದಳು. ನಾನು ಮಾಡಿನ ಮೇಲೆ ಒಬ್ಬನೇ ಉಳಿದೆ. ಹೊಗೆಯೊಳಗೆ ಒಂದು ಮೀನಿನ ದೋಣಿ ಸದ್ದಿಲ್ಲದೆ ಬಂತು, ಸದ್ದಿಲ್ಲದೆ ಹೋಯಿತು. ಅದರಲ್ಲಿದ್ದವನು ನನ್ನತ್ತ ಕೈಯೆತ್ತಿದ, ನಾನೂ ಎತ್ತಿದೆ. ಅವನು ನಿಜವಾಗಿ ಇದ್ದನೋ ಎಂದು ಆಮೇಲೆ ಅನುಮಾನವಾಯಿತು. ಸಿಗದಿದ್ದರೆ ಏನು ಮಾಡುವುದು ಎಂದು ಯೋಚಿಸುತ್ತಿದ್ದೆ. ಸಿಗದಿದ್ದರೆ ಸಂಜೆಗೆ ಪೆನಾಂಗ್, ಅವಳು ಚೀಲ ಹಿಡಿದು ಇಳಿಯುತ್ತಾಳೆ, ಪಾಕ್ ದಿನ್‌ನ ಕಥೆ ಬಂದರಿನಿಂದ ಬಂದರಿಗೆ ಹೋಗುತ್ತದೆ. 

ಏಣಿಯ ಮೇಲೆ ದಡದಡ ಸದ್ದಾಯಿತು. ನೂರುಲ್ ಬಂದಳು. ತುಡುಂಗಿನ ಅಂಚನ್ನು ಗಂಟು ಹಾಕಿ ಅಂಗಿಯ ಕಾಲರಿನೊಳಗೆ ಸೇರಿಸಿಕೊಂಡಿದ್ದಳು. ದೂರದಲ್ಲೇ ನಿಂತು ಅಂಗೈ ಬಿಚ್ಚಿದಳು. ಅಂಗಿಯ ಕಪ್ಪು ಗುಂಡಿಯಂಥ ಪುಟ್ಟ ಅಯಸ್ಕಾಂತಗಳು, ಜೋಡಿ ಜೋಡಿಯಾಗಿ ಒಂದಕ್ಕೊಂದು ಕಚ್ಚಿಕೊಂಡು ಕುಳಿತಿದ್ದವು. ಬಟ್ಟೆಯ ಈಚೆಗೊಂದು ಆಚೆಗೊಂದು ಇಟ್ಟರೆ ಅವು ಬಟ್ಟೆಯನ್ನು ನಡುವೆ ಹಿಡಿದುಕೊಳ್ಳುತ್ತವೆ. ಸೂಜಿ ಬೇಡ, ಬಟ್ಟೆಗೆ ತೂತಿಲ್ಲ. ಅವಳ ಊರಿನ ರಾತ್ರಿ ಸಂತೆಯಲ್ಲಿ ರಾಶಿ ರಾಶಿ ಮಾರುತ್ತಾರಂತೆ.

"ಪಿನ್ ಅಲ್ಲ ಅಂತಲೇ ಮಾರ್ತಾರೆ ಅಂಕಲ್. ನೀವು ಪಿನ್ ಬೇಡ ಅಂದ್ರಿ. ಅದಕ್ಕೇ ಅಮ್ಮನ ಹತ್ರ ಹೇಳಿ ಇದನ್ನು ತರಿಸಿದೆ."

ನಾನು ಮಾಡಿನ ಮೇಲೆ ಕುಳಿತೇಬಿಟ್ಟೆ. ನಗು ತಡೆಯಲಾಗಲಿಲ್ಲ. ಗುಂಡುಪಿನ್ನು ತಂದಿದ್ದರೆ ಕಂಪಾಸು ಕಣ್ಣೆತ್ತಿಯೂ ನೋಡುತ್ತಿರಲಿಲ್ಲವೋ ಏನೋ. ನನ್ನ ಮಾತು ಕೇಳಿ ಅದನ್ನು ಬಿಟ್ಟು, ಅದರ ಬದಲಿಗೆ ಹುಡುಗಿ ಗಲ್ಲದ ಕೆಳಗೆ ರಾಕ್ಷಸನನ್ನೇ ಸಿಕ್ಕಿಸಿಕೊಂಡು ಬಂದಿದ್ದಳು. ಅವಳೂ ನಕ್ಕಳು, ನಗುತ್ತ ಕಣ್ಣೊರೆಸಿಕೊಂಡಳು. ಆಮೇಲೆ ನಗು ನಿಂತಿತು.

"ನಡಿ, ಸೆಲ್ವಂಗೆ ಹೇಳ್ತೇನೆ" ಎಂದು ನಾನು ಎದ್ದೆ.

"ಬೇಡ ಅಂಕಲ್. ನಾನೇ ತೋರಿಸ್ತೇನೆ."

ಕೆಳಗೆ ಹೋದಳು. ಹಿಂದೆಯೇ ನಾನು. ಸೆಲ್ವಂ ನಕ್ಷೆಯ ಮೇಜಿನ ಹತ್ತಿರ ಇದ್ದರು. ಅವಳು ನೇರವಾಗಿ ಪಾಕ್ ದಿನ್ ಹತ್ತಿರ ಹೋಗಿ, "ಪಾಕ್, ಒಂದು ಸಹಾಯ ಮಾಡಿ" ಎಂದು ಆ ಗುಂಡಿಗಳನ್ನು ಅವನ ಅಂಗಿಯ ಎದೆಯ ಜೇಬಿಗೆ ಹಾಕಿದಳು. "ಮೇಲೆ ಹೋಗಿ ಕಂಪಾಸಿನ ಮೇಲೆ ಬಾಗಿ ನಿಲ್ಲಿ. ಚುಕ್ಕಾಣಿ ನಾನು ಹಿಡೀತೇನೆ." ಮುದುಕ ಕ್ಯಾಪ್ಟನ್ನರ ಮುಖ ನೋಡಿದ. ಸೆಲ್ವಂ ಏನೂ ಅರ್ಥವಾಗದೆ ತಲೆಯಾಡಿಸಿದರು. ಪಾಕ್ ದಿನ್ ಹೋದ. ಮಾಡಿನ ಮೇಲೆ ಅವನ ಭಾರದ ಹೆಜ್ಜೆಗಳು ಕೇಳಿದವು, ನಿಂತವು.

"ಕ್ಯಾಪ್ಟನ್, ಇಲ್ಲಿ ನೋಡಿ" ಎಂದಳು ನೂರುಲ್.

ಸೆಲ್ವಂ ಬಂದು ಕೊಳವೆಯೊಳಗೆ ನೋಡಿದರು. ಬಿಲ್ಲೆ ತಿರುಗುತ್ತಿತ್ತು.

"ಕಂಪಾಸಿಗೆ ಪಾಕ್ ದಿನ್ ಕಂಡರೂ ನಾಚಿಕೆ ಅಂತ ಕಾಣ್ತದೆ, ಕ್ಯಾಪ್ಟನ್."

 ಸೆಲ್ವಂ ಬಿಲ್ಲೆಯನ್ನು ನೋಡಿದರು, ಅವಳನ್ನು ನೋಡಿದರು, ನನ್ನನ್ನು ನೋಡಿದರು. ಮೇಲಿನಿಂದ ಪಾಕ್ ದಿನ್, "ಇನ್ನೂ ನಿಲ್ಬೇಕಾ?" ಎಂದು ಕೂಗಿದ. ಕೆಳಗಿಳಿದು ಬಂದ ಮೇಲೆ ಜೇಬಿನಿಂದ ಗುಂಡಿಗಳನ್ನು ತೆಗೆದು, ಒಂದನ್ನೊಂದು ಬಿಡಿಸಲು ನೋಡಿ, ಬಿಡಿಸಲಾರದೆ, ವಿಷಯ ತಿಳಿದು ಕಿವಿಯವರೆಗೆ ಕೆಂಪಾದ. "ಮಾಫ್ ಮಗಳೇ, ಮಾಫ್" ಎಂದ. ಗುಂಡಿಗಳನ್ನು ಅವನೇ ಒಯ್ದು ಹಡಗಿನ ಹಿಂಬದಿಯ ಉಗ್ರಾಣದಲ್ಲಿಟ್ಟು ಬಂದ.

ನೂರುಲ್ ಚುಕ್ಕಾಣಿಯನ್ನು ಅವನಿಗೆ ಬಿಟ್ಟು, ಯಾರೂ ಹೇಳದೆಯೇ ಮೇಲೆ ಹೋಗಿ ಬೇರಿಂಗ್ ತೆಗೆದು ಬಂದಳು. ಬಿಲ್ಲೆ ಕದಲಲಿಲ್ಲ. ಅವಳು ಹೇಳಿದ ಅಂಕಿಯನ್ನು ಸೆಲ್ವಂ ನಕ್ಷೆಯ ಮೇಲೆ ಗೆರೆ ಎಳೆದು ನೋಡಿದರು. ಗೆರೆ ಹಡಗು ಇರಬೇಕಾದ ಕಡೆಯೇ ಹಾದುಹೋಯಿತು. ಅವರು ಪೆನ್ಸಿಲು ಇಟ್ಟರು, ಬೆನ್ನು ನೆಟ್ಟಗೆ ಮಾಡಿದರು.

"ಪಾಂಗ್ಕೋರ್ ಪಕ್ಕಕ್ಕೆ ಬಂದಾಗ ದಿಕ್ಕು ಬದಲಿಸಬೇಕು. ನೀನೇ ನೋಡಿ ಬದಲಿಸು" ಎಂದು ನೂರುಲ್‌ಗೆ ಹೇಳಿ, ಬಾಗಿಲು ತೆರೆದುಕೊಂಡು ಕೆಳಗೆ ಹೋದರು.

ನನಗೆ ಅಲ್ಲೇ ನಿಂತು ನೋಡುವ ಆಸೆ. ಹುಡುಗಿ ದೂರದ ದ್ವೀಪದಿಂದ ಕಣ್ಣು ತೆಗೆಯದೆ, "ಅಂಕಲ್, ನೀವೂ ಹೋಗಿ ಚಹಾ ಕುಡೀರಿ ಲಾ" ಎಂದಳು. ಮರ್ಯಾದೆಯಿಂದಲೇ ಹೇಳಿದಳು, ಆದರೆ ಅದು ಹೊರಗೆ ಹೋಗಿ ಎಂಬ ಮಾತು. ಪಾಳಿಯ ಆಫೀಸರು ಹೇಳಿದ ಮೇಲೆ ಆಯಿತು. ನಾನು ಹೊರಟೆ.

ಊಟದ ಕೋಣೆಯಲ್ಲಿ ಸೆಲ್ವಂ ಆಫೀಸಿಗೆ ಫೋನ್ ಮಾಡಿ, ಪೆನಾಂಗಿಗೆ ಯಾರನ್ನೂ ಕಳಿಸಬೇಡಿ ಎನ್ನುತ್ತಿದ್ದರು. ಯಾಕೆ ಎಂದು ಆ ಕಡೆಯವರು ಕೇಳಿರಬೇಕು. "ತಪ್ಪು ನಮ್ಮದು" ಎಂದು ಇಟ್ಟುಬಿಟ್ಟರು. ಇಬ್ಬರೂ ಎದುರು ಬದುರು ಕುಳಿತೆವು. ಗ್ಲಾಸಿನ ತುಂಬ ಚಹಾ.  ಸೆಲ್ವಂ ಕಾಲು ಕುಣಿಸುತ್ತಿದ್ದರು, ಪದೇ ಪದೇ ಮಾಡಿನ ಕಡೆ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಇನ್ನೇನು ಎದ್ದೇಬಿಡುತ್ತಾರೆ ಅನ್ನಿಸಿತು.

ಆಗ ಗ್ಲಾಸುಗಳಲ್ಲಿ ಚಹಾ ಒಂದು ಬದಿಗೆ ಸ್ವಲ್ಪವೇ ವಾಲಿತು. ಹಡಗು ತಿರುಗುತ್ತಿತ್ತು. ಅವಸರವಿಲ್ಲ, ತಡವರಿಕೆ ಇಲ್ಲ. ಚಹಾ ಅಷ್ಟು ಹೊತ್ತು ಹಾಗೇ ವಾಲಿಕೊಂಡಿದ್ದು, ಆಮೇಲೆ ಮೆಲ್ಲಗೆ ಸಮನಾಯಿತು. ಸೆಲ್ವಂ ಕಾಲು ಕುಣಿಸುವುದನ್ನು ನಿಲ್ಲಿಸಿ ಗ್ಲಾಸು ಎತ್ತಿ ಕುಡಿದರು. ನಾವಿಬ್ಬರೂ ಮೇಲೆ ಹೋಗಲಿಲ್ಲ.